ಮಗು ಸಾಕುವ ಪುಸ್ತಕ ಯಾರಿಗೆ ಬರೆದದ್ದು?

ಊರಿನಲ್ಲಾದರೆ ಬಾಣಂತನಕ್ಕೆ ತವರುಮನೆಯಿತ್ತು. ಎಣ್ಣೆ, ಬಿಸಿನೀರು, ಬಜೆ ಎಲ್ಲಕ್ಕೂ ಅಜ್ಜಿಯ ಮಾತೇ ಪ್ರಮಾಣ, ಗಂಡಸರು ಬಾಗಿಲಿಂದಾಚೆ. ಅಮೆರಿಕಕ್ಕೆ ಬಂದ ನಮ್ಮಲ್ಲಿ ಅನೇಕರಿಗೆ ಅಜ್ಜಿಯ ಜಾಗದಲ್ಲಿ ಕೂತದ್ದು ಪುಸ್ತಕ. ಆ ಪುಸ್ತಕ ಯಾರೊಡನೆ ಮಾತನಾಡುತ್ತಿತ್ತು ಎಂಬುದಕ್ಕೂ ಒಂದು ಚರಿತ್ರೆಯಿದೆ.

ಇಂಥ ಸಲಹೆ ಎಂದೂ ತಾಯಿಗೇ ಮೀಸಲಾಗಿತ್ತು ಎಂದುಕೊಳ್ಳಬಾರದು. 1748ರಲ್ಲಿ ಬ್ರಿಟನ್ನಿನ ವೈದ್ಯ ವಿಲಿಯಂ ಕಡೋಗನ್, ಪ್ರತಿಯೊಬ್ಬ ತಂದೆಯೂ ತನ್ನ ಮಗುವಿನ ಆರೈಕೆ ತನ್ನ ಕಣ್ಣೆದುರೇ ನಡೆಯುವಂತೆ ನೋಡಿಕೊಳ್ಳಬೇಕೆಂದು ಬರೆದರು. ಹೆಂಗಸರ ತಿಳಿವಳಿಕೆಯಲ್ಲಿ ಅವರಿಗೆ ನಂಬಿಕೆಯಿರಲಿಲ್ಲ. ಅಂದರೆ ತಂದೆ ಮೇಲ್ವಿಚಾರಕ, ದುಡಿಯುವವಳು ಮಾತ್ರ ಹೆಂಗಸು.

1894ರಲ್ಲಿ ನ್ಯೂಯಾರ್ಕಿನ ಡಾ. ಎಮೆಟ್ ಹೋಲ್ಟ್ ಪ್ರಶ್ನೋತ್ತರ ರೂಪದಲ್ಲಿ ಬರೆದ ಕೈಪಿಡಿ ತಾಯಂದಿರಿಗೂ ದಾದಿಯರಿಗೂ ಎಂದೇ ಹೊರಬಂತು. 1914ರಲ್ಲಿ ಅಮೆರಿಕ ಸರ್ಕಾರದ ಮಕ್ಕಳ ಇಲಾಖೆ ಶಿಶುಪಾಲನೆಯ ಕಿರುಹೊತ್ತಗೆಯನ್ನು ಪ್ರಕಟಿಸಿತು. ಬರೆದಾಕೆ ಮೇರಿ ವೆಸ್ಟ್. ಅಚ್ಚಾದದ್ದು 'ಶ್ರೀಮತಿ ಮ್ಯಾಕ್ಸ್ ವೆಸ್ಟ್' ಎಂದು, ಗಂಡನ ಹೆಸರಿನಲ್ಲಿ!

1946ರಲ್ಲಿ ಡಾ. ಬೆಂಜಮಿನ್ ಸ್ಪಾಕ್ ಅವರ ಪುಸ್ತಕ 25 ಸೆಂಟಿಗೆ ಸಿಗುವಂತಾಯಿತು. ಮಕ್ಕಳ ಕೆಲಸ ಪೂರ್ತಿ ತಾಯಿಯದೆಂಬ ಭಾವನೆ ತಪ್ಪೆಂದು ಅವರು ಹೇಳಿದರು, ನಿಜ. ಆದರೆ ತಂದೆಯ ಪಾಲು ಅಪರೂಪಕ್ಕೊಮ್ಮೆ, ಭಾನುವಾರ ಹಾಲಿನ ಬಾಟಲಿ ಸಿದ್ಧಮಾಡುವಷ್ಟು. ಮಗುವನ್ನು ಉದ್ದಕ್ಕೂ 'ಅವನು' ಎಂದೇ ಕರೆದರು. 'ಅವಳು' ಎಂಬುದು ತಾಯಿಗೆ ಬೇಕಾಗಿತ್ತೆಂಬುದು ಅವರ ಸಮಜಾಯಿಷಿ. ಕನ್ನಡದಲ್ಲಿ ಮಗು 'ಅದು'. ನಮಗೆ ಈ ತಾಪತ್ರಯವಿಲ್ಲ. ಸ್ತ್ರೀವಾದಿಗಳ ಟೀಕೆಯ ನಂತರ 1976ರ ಆವೃತ್ತಿಯಲ್ಲಿ ಸ್ಪಾಕ್ ತಮ್ಮ ಪಕ್ಷಪಾತವನ್ನು ಒಪ್ಪಿ ತಿದ್ದಿಕೊಂಡರು. ಹೊಣೆ ಇಬ್ಬರಿಗೂ ಸಮ ಎಂದರು.

ಕಾನೂನು ಇನ್ನೂ ತಡವಾಗಿ ಬಂತು. 1993ರ ಕಾಯಿದೆ 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ, ಅರ್ಹ ತಾಯಿಗೂ ತಂದೆಗೂ 12 ವಾರಗಳ ರಜೆಯ ಹಕ್ಕು ಕೊಟ್ಟಿತು, ಸಂಬಳವಿಲ್ಲದೆ.

ನಮ್ಮ ಮನೆಗಳಲ್ಲಿ ಪಾಠ ಕಲಿಸಿದ್ದು ಪುಸ್ತಕವೂ ಅಲ್ಲ, ಕಾಯಿದೆಯೂ ಅಲ್ಲ. ಬಾಣಂತನಕ್ಕೆ ಬಂದ ಅಮ್ಮ ಆರು ತಿಂಗಳಿಗೆ ವಿಮಾನ ಹತ್ತಿದ ಮೇಲೆ, ಮಗುವನ್ನು ಕಾಲ ಮೇಲೆ ಮಲಗಿಸಿ ನೀರೆರೆಯುವುದನ್ನು ಗಂಡಸರೂ ಕಲಿತರು. ಆದರೂ ನಮ್ಮ ಕೂಟಗಳಲ್ಲಿ "ನಮ್ಮವರು ತುಂಬಾ ಸಹಾಯ ಮಾಡುತ್ತಾರೆ" ಎಂಬ ಮೆಚ್ಚುಗೆ ಇಂದಿಗೂ ಕೇಳಿಬರುತ್ತದೆ. ತಾಯಿ ಮಾಡುವುದನ್ನು ನಾವಾರೂ ಸಹಾಯವೆನ್ನುವುದಿಲ್ಲ. ಸ್ಪಾಕ್ ತಮ್ಮ ಪುಸ್ತಕ ತಿದ್ದಿಕೊಂಡರು. ನಾವು ಈ ಒಂದು ಮಾತನ್ನಾದರೂ ತಿದ್ದಿಕೊಳ್ಳಬೇಡವೆ?