ನೆಲ ಬಿಡದ ಕುದುರೆ

ಕಾವ್ಯವನ್ನೋ ನಾಟಕವನ್ನೋ ಮಾತಿಲ್ಲದ ವಾದ್ಯವೃಂದಕ್ಕೆ ಒಪ್ಪಿಸುವ ರೂಢಿ ಯುರೋಪಿನಲ್ಲಿ ಬಲಿತದ್ದು 19ನೆಯ ಶತಮಾನದಲ್ಲಿ. 1850ರ ದಶಕದಲ್ಲಿ ವೈಮಾರಿನಲ್ಲಿದ್ದ ಸಂಯೋಜಕ ಲಿಸ್ಟ್ ಅದಕ್ಕೆ ‘ಸಿಂಫನಿಕ್ ಕವಿತೆ’ ಎಂದು ಹೆಸರಿಟ್ಟು ಹ್ಯೂಗೋನ ಮಝೆಪ್ಪಾ, ಶೇಕ್ಸ್‌ಪಿಯರನ ಹ್ಯಾಮ್ಲೆಟ್ ಮೊದಲಾದವನ್ನು ಎತ್ತಿಕೊಂಡ. ಅದೇ ಕಾಲಕ್ಕೆ, 1854ರಲ್ಲಿ, ವಿಯೆನ್ನಾದ ವಿಮರ್ಶಕ ಹಾನ್ಸ್ಲಿಕ್ ಸಂಗೀತದ ತಿರುಳು ನಾದದ ಚಲನೆಯೇ ಹೊರತು ಬೇರೇನೂ ಅಲ್ಲ ಎಂದು ವಾದಿಸಿದ. ಶೀರ್ಷಿಕೆ ಮುಚ್ಚಿಟ್ಟರೆ ಯಾವ ಕೇಳುಗನೂ ಕತೆಯನ್ನು ಗುರುತಿಸಲಾರ ಎಂಬ ಆಕ್ಷೇಪ ಇಂದಿಗೂ ಇದೆ. ಅದರಲ್ಲಿ ಹುರುಳಿದೆ. ಆದರೆ ಕತೆ ಹೇಳುವುದೇ ಇಂಥ ಸಂಗೀತದ ಕೆಲಸ ಎಂದು ಹಿಡಿದರೆ ಮಾತ್ರ ಅದು ಸೋಲು. ನಿಜವಾದ ಸಂಯೋಜಕ ಕತೆಯನ್ನು ಮತ್ತೆ ಹೇಳುವುದಿಲ್ಲ. ಅದನ್ನು ತಾನು ಓದಿಕೊಂಡ ಬಗೆಯನ್ನು ಕೇಳಿಸುತ್ತಾನೆ.

1898ರಲ್ಲಿ ಕಲೋನಿನಲ್ಲಿ ಮೊದಲು ನುಡಿಸಲಾದ ರಿಚರ್ಡ್ ಸ್ಟ್ರಾಸನ ‘ಡಾನ್ ಕ್ವಿಕ್ಸೋಟ್’ ಇದಕ್ಕೆ ಸಾಕ್ಷಿ. ಇಲ್ಲಿ ನಾಯಕನ ದನಿ ಚೆಲ್ಲೊ, ಅವನ ಸೇವಕ ಸ್ಯಾಂಕೋನದು ಮುಖ್ಯವಾಗಿ ವಯೋಲಾ. ಕೃತಿಯ ಕಟ್ಟಡವೇ ಒಂದು ಧಾಟಿಯ ಹತ್ತು ರೂಪಾಂತರಗಳು: ಭ್ರಮೆಗೆ ತಕ್ಕಂತೆ ರೂಪ ಬದಲಿಸುತ್ತಲೇ ಇರುವ ಒಬ್ಬನೇ ಮನುಷ್ಯ. ಎರಡನೆಯದರಲ್ಲಿ ಹಿತ್ತಾಳೆ ವಾದ್ಯಗಳು ನಾಲಗೆ ಅದುರಿಸಿ ಕುರಿಮಂದೆಯಂತೆ ಅರಚುತ್ತವೆ. ಜನ ಹೆಚ್ಚು ನೆನೆಯುವುದು ಇದನ್ನೇ. ಬರೀ ಅನುಕರಣೆ ಎಂದು ಹಳಿಯುವವರೂ ಇದನ್ನೇ ತೋರಿಸುತ್ತಾರೆ. ಕೃತಿಯ ಹೆಚ್ಚುಗಾರಿಕೆ ಇರುವುದು ಏಳನೆಯದರಲ್ಲಿ.

ಅದರ ಮೂಲ ಹೀಗಿದೆ: ಸರ್ವಾಂಟಿಸ್ 1615ರಲ್ಲಿ ಪ್ರಕಟಿಸಿದ ಕಾದಂಬರಿಯ ಎರಡನೆಯ ಭಾಗದಲ್ಲಿ ಒಬ್ಬ ಡ್ಯೂಕನ ಮನೆಯವರು ಕ್ವಿಕ್ಸೋಟ್ ಮತ್ತು ಸ್ಯಾಂಕೋನ ಕಣ್ಣಿಗೆ ಬಟ್ಟೆ ಕಟ್ಟಿ, ಮರದ ಕುದುರೆಯ ಮೇಲೆ ಕೂರಿಸಿ, ತಿದಿಗಳಿಂದ ಗಾಳಿ ಊದಿ ಆಕಾಶದಲ್ಲಿ ಹಾರುತ್ತಿದ್ದೀರೆಂದು ನಂಬಿಸುತ್ತಾರೆ. ಸ್ಟ್ರಾಸ್ ವೃಂದದೊಳಗೆ ಗಾಳಿಯಂತ್ರವನ್ನೇ ತಂದಿಟ್ಟ: ಬಟ್ಟೆ ಹೊದಿಸಿದ ಉರುಳೆ, ತಿರುಗಿಸಲು ಹಿಡಿಕೆ. ತಿದಿಯ ಮೋಸಕ್ಕೆ ಹಿಡಿಕೆಯ ಮೋಸ! ಮೇಲೆ ಕೊಳಲುಗಳೂ ಹಾರ್ಪೂ ಭರ್ರನೆ ಏರಿಳಿಯುತ್ತವೆ. ಕೆಳಗಿನ ಮಂದ್ರ ವಾದ್ಯಗಳು ಮಾತ್ರ ತಂಬೂರಿಯಂತೆ ಒಂದೇ ಸ್ವರವನ್ನು ಹಿಡಿದು ಕದಲುವುದಿಲ್ಲ. ಕುದುರೆ ನೆಲ ಬಿಟ್ಟೇ ಇಲ್ಲ.

ಭ್ರಮೆಯನ್ನೂ ವಾಸ್ತವವನ್ನೂ ಕಾದಂಬರಿಕಾರ ಒಂದಾದ ಮೇಲೊಂದು ವಾಕ್ಯದಲ್ಲಿ ಹೇಳಬೇಕು. ವಾದ್ಯವೃಂದ ಎರಡನ್ನೂ ಒಂದೇ ಕ್ಷಣದಲ್ಲಿ ಕೇಳಿಸುತ್ತದೆ, ಒಂದು ಇನ್ನೊಂದನ್ನು ಅಣಕಿಸದಂತೆ. ಹಾರುವ ಸುಖ ನಿಜ, ಕದಲದ ನೆಲವೂ ನಿಜ. ಪುಸ್ತಕ ಓದದವನಿಗೆ ಕುದುರೆ ತಿಳಿಯದು, ಡ್ಯೂಕ್ ತಿಳಿಯನು. ಹಾನ್ಸ್ಲಿಕ್ ಅಷ್ಟರಮಟ್ಟಿಗೆ ಸರಿ. ಆದರೆ ಮೇಲಿನ ಬಿರುಗಾಳಿಗೂ ಕೆಳಗಿನ ಸ್ಥಿರ ಸ್ವರಕ್ಕೂ ನಡುವಿನ ಎಳೆದಾಟ ಆ ಓದದವನ ಕಿವಿಗೂ ಬೀಳುತ್ತದೆ. ಅದು ನಾದದ ಚಲನೆಯೇ, ಮತ್ತು ಸರ್ವಾಂಟಿಸನ ತಿರುಳೂ ಅದೇ.