ಹೆಸರಿಲ್ಲದ ಗುರು: ಕಲ್ಕತ್ತೆಯಲ್ಲಿ ಅಂಗರಚನಾಶಾಸ್ತ್ರದ ಕಲಿಕೆ

ಮನುಷ್ಯದೇಹದ ಎಲುಬು, ಮಾಂಸಖಂಡ, ರಕ್ತನಾಳ ಮತ್ತು ಒಳಾಂಗಗಳು ಎಲ್ಲೆಲ್ಲಿ ಹೇಗೆ ಹೊಂದಿಕೊಂಡಿವೆ ಎಂಬುದನ್ನು ತಿಳಿಸುವ ಅಂಗರಚನಾಶಾಸ್ತ್ರ, ಅಂದರೆ ವಿದ್ಯಾರ್ಥಿಗಳ ಮಾತಿನ ಅನಾಟಮಿ, ವೈದ್ಯಕೀಯ ಶಿಕ್ಷಣದ ಮೊದಲ ವರ್ಷದಲ್ಲೇ ಎದುರಾಗುವ ವಿಷಯವಾಗಿದ್ದು, ಅದನ್ನು ಕಲಿಯುವ ಮುಖ್ಯ ದಾರಿ ಇಂದಿಗೂ ಶವಚ್ಛೇದನವೇ, ಎಂದರೆ ಮೃತದೇಹವನ್ನು ಪದರಪದರವಾಗಿ ಬಿಡಿಸಿ ನೋಡುವುದೇ ಆಗಿದೆ. ಆಧುನಿಕ ಭಾರತದಲ್ಲಿ ಈ ಕ್ರಮ ಬೇರೂರಿದ್ದು 1836ರ ಕಲ್ಕತ್ತೆಯಲ್ಲಿ. ಆ ಘಟನೆಯನ್ನು ಬಹುಮಟ್ಟಿಗೆ ಕತ್ತಿ ಹಿಡಿದವರ ಧೈರ್ಯದ ಕಥೆಯಾಗಿ ಹೇಳಿಕೊಂಡು ಬರಲಾಗಿದೆ. ಆ ಧೈರ್ಯ ನಿಜವಾದದ್ದೇ. ಆದರೆ ಮೇಜಿನ ಮೇಲೆ ಮಲಗಿದ್ದ ದೇಹಗಳು ಯಾರವು, ಅವು ಅಲ್ಲಿಗೆ ಹೇಗೆ ಬಂದವು ಎಂಬ ಪ್ರಶ್ನೆಯನ್ನು ಜೊತೆಗೂಡಿಸಿಕೊಳ್ಳದೆ ಈ ವಿದ್ಯೆಯ ಚರಿತ್ರೆ ಪೂರ್ಣಗೊಳ್ಳುವುದಿಲ್ಲ.

ಶವವನ್ನು ಪರೀಕ್ಷಿಸಿ ಕಲಿಯುವ ವಿಚಾರ ಈ ನೆಲಕ್ಕೆ ಹೊಸದಾಗಿರಲಿಲ್ಲ. ಸುಶ್ರುತಸಂಹಿತೆಯ ಶಾರೀರಸ್ಥಾನವು ಅದರ ವಿಧಾನವನ್ನೇ ವಿವರಿಸುತ್ತದೆ. ಎಲ್ಲ ಅಂಗಗಳೂ ಕೂಡಿರುವ, ವಿಷದಿಂದ ಸಾಯದ, ದೀರ್ಘರೋಗದಿಂದ ಬಳಲದ, ನೂರು ವರ್ಷದಷ್ಟು ಮುಪ್ಪಾಗದ ದೇಹವನ್ನು ಆರಿಸಿಕೊಂಡು, ಕರುಳಿನ ಮಲವನ್ನು ತೆಗೆದು, ಹುಲ್ಲು, ನಾರುಗಳಿಂದ ಸುತ್ತಿ, ಪಂಜರದೊಳಗಿಟ್ಟು, ಹರಿಯುವ ನೀರಿನ ಮರೆಯಾದ ಜಾಗದಲ್ಲಿ ಏಳು ರಾತ್ರಿ ಕೊಳೆಯಲು ಬಿಟ್ಟು, ಬಳಿಕ ಲಾವಂಚದ ಬೇರು, ಕೂದಲು, ಬಿದಿರು ಮುಂತಾದವುಗಳ ಕುಂಚದಿಂದ ಮೆಲ್ಲಮೆಲ್ಲನೆ ಉಜ್ಜುತ್ತ, ಚರ್ಮದಿಂದ ತೊಡಗಿ ಒಳಗಿನ ಪ್ರತಿಯೊಂದು ಭಾಗವನ್ನೂ ಕಣ್ಣಾರೆ ನೋಡಬೇಕೆಂದು ಗ್ರಂಥ ವಿಧಿಸುತ್ತದೆ. ಇಲ್ಲಿ ಕತ್ತಿಯ ಕೆಲಸವನ್ನು ನೀರು ಮತ್ತು ಕುಂಚ ಮಾಡುತ್ತವೆ. ಶಾಸ್ತ್ರದಲ್ಲಿ ಓದಿದ್ದನ್ನೂ ಕಣ್ಣಿನಿಂದ ಕಂಡದ್ದನ್ನೂ ಕೂಡಿಸಿದಾಗಲೇ ಜ್ಞಾನ ಬೆಳೆಯುತ್ತದೆ ಎಂಬುದು ಅದರ ನಿಲುವು. ಆದರೆ ಶವಸ್ಪರ್ಶವನ್ನು ಮೈಲಿಗೆಯೆಂದು ಎಣಿಸಿದ ಸಮಾಜದಲ್ಲಿ ಈ ಅಭ್ಯಾಸ ಕಾಲಕ್ರಮೇಣ ನಿಂತುಹೋಗಿ, ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ಶರೀರರಚನೆಯು ಶ್ಲೋಕಗಳ ಮೂಲಕ ಬಾಯಿಪಾಠವಾಗುವ ವಿದ್ಯೆಯಾಗಿ ಉಳಿದಿತ್ತು.

ಈಸ್ಟ್ ಇಂಡಿಯಾ ಕಂಪನಿಯು ತನ್ನ ಸೈನ್ಯಕ್ಕೆ ಬೇಕಾದ ದೇಶೀಯ ವೈದ್ಯಸಹಾಯಕರನ್ನು ತರಬೇತುಗೊಳಿಸಲು 1822ರಲ್ಲಿ ಕಲ್ಕತ್ತೆಯಲ್ಲಿ ನೇಟಿವ್ ಮೆಡಿಕಲ್ ಇನ್‌ಸ್ಟಿಟ್ಯೂಷನ್ ಎಂಬ ಶಾಲೆಯನ್ನು ತೆರೆಯಿತು. ಕೆಲವು ವರ್ಷಗಳ ಬಳಿಕ ಅಲ್ಲಿನ ಸಂಸ್ಕೃತ ಕಾಲೇಜಿನಲ್ಲೂ ಮದರಸಾದಲ್ಲೂ ವೈದ್ಯ ತರಗತಿಗಳು ಆರಂಭವಾದವು. ಅಲ್ಲಿನ ವಿದ್ಯಾರ್ಥಿಗಳು ಅಂಗರಚನೆಯನ್ನು ಪುಸ್ತಕ, ಮಾದರಿ ಮತ್ತು ಪ್ರಾಣಿಗಳ ದೇಹಭಾಗಗಳಿಂದ ಕಲಿತರೇ ಹೊರತು ಮನುಷ್ಯದೇಹವನ್ನು ಛೇದಿಸಲಿಲ್ಲ. ಸಂಸ್ಕೃತ ಕಾಲೇಜಿನಲ್ಲಿ ವೈದ್ಯಶಾಸ್ತ್ರ ಕಲಿಸುತ್ತಿದ್ದ ಪಂಡಿತ ಮಧುಸೂದನ ಗುಪ್ತರು ಹೂಪರ್ ಎಂಬ ಆಂಗ್ಲ ವೈದ್ಯನ ಅಂಗರಚನಾ ಕೈಪಿಡಿಯನ್ನು ಸಂಸ್ಕೃತಕ್ಕೆ ಅನುವಾದಿಸಿದ್ದು ಈ ಅವಧಿಯಲ್ಲೇ. ಹುಗ್ಲಿ ಜಿಲ್ಲೆಯ ಬೈದ್ಯಬಾಟಿಯ ವೈದ್ಯ ಮನೆತನದಲ್ಲಿ ಹುಟ್ಟಿದ ಈ ಪಂಡಿತರು, ದೇಹವನ್ನು ಬಿಡಿಸಿ ನೋಡುವ ಮೊದಲೇ ಅದರ ಪ್ರತಿ ಭಾಗಕ್ಕೂ ಸಂಸ್ಕೃತದ ಹೆಸರನ್ನು ಹುಡುಕಿದ್ದರು. ಹೀಗೆ ಎರಡು ಪರಂಪರೆಗಳನ್ನೂ ಬಲ್ಲವರೇ ಮುಂದೆ ಕತ್ತಿಯನ್ನು ಕೈಗೆತ್ತಿಕೊಂಡರು ಎಂಬುದು ಈ ಚರಿತ್ರೆಯ ಮಹತ್ವದ ಅಂಶ.

ವೈದ್ಯಶಿಕ್ಷಣದ ಸ್ಥಿತಿಯನ್ನು ಪರಿಶೀಲಿಸಲು 1833ರಲ್ಲಿ ಗವರ್ನರ್ ಜನರಲ್ ವಿಲಿಯಂ ಬೆಂಟಿಂಕ್ ನೇಮಿಸಿದ ಸಮಿತಿಯು, ಛೇದನವಿಲ್ಲದ ಅನಾಟಮಿ ಬರಿಯ ಕಂಠಪಾಠವೆಂಬ ನಿರ್ಣಯಕ್ಕೆ ಬಂದು, ಹಳೆಯ ತರಗತಿಗಳನ್ನು ಮುಚ್ಚಿ ಇಂಗ್ಲಿಷ್ ಮಾಧ್ಯಮದ ಹೊಸ ಕಾಲೇಜನ್ನು ತೆರೆಯಲು ಶಿಫಾರಸು ಮಾಡಿತು. 1835ರ ಜನವರಿ 28ರ ಆದೇಶದಿಂದ ಕಲ್ಕತ್ತಾ ಮೆಡಿಕಲ್ ಕಾಲೇಜು ಸ್ಥಾಪನೆಯಾಗಿ, ಎಂ. ಜೆ. ಬ್ರಾಮ್ಲಿ ಅದರ ಮುಖ್ಯಸ್ಥರಾದರು, ಎಚ್. ಎಚ್. ಗುಡೀವ್ ಅಂಗರಚನೆಯ ಪ್ರಾಧ್ಯಾಪಕರಾದರು. ಮಧುಸೂದನ ಗುಪ್ತರು ಅಧ್ಯಾಪನ ಸಹಾಯಕರಾಗಿ ಸೇರಿಕೊಂಡರು. ಆದರೆ ಕಾಲೇಜು ತೆರೆದ ಕೂಡಲೇ ಛೇದನ ಶುರುವಾಗಲಿಲ್ಲ. ಮೇಲ್ಜಾತಿಯ ಮನೆಗಳಿಂದ ಬಂದ ಹುಡುಗರ ಮೇಲೆ ಬಲವಂತ ಹೇರಿದರೆ ಅವರು ಕಾಲೇಜನ್ನೇ ಬಿಟ್ಟು ಹೋಗುವ ಸಂಭವವಿದ್ದುದರಿಂದ, ಮೊದಲು ಪ್ರಾಣಿಗಳ ಅಂಗಗಳನ್ನೂ ಬಳಿಕ ಒಣಗಿದ ಮನುಷ್ಯ ಎಲುಬುಗಳನ್ನೂ ಅವರ ಮುಂದಿಟ್ಟು, ಅಸಹ್ಯವೂ ಭಯವೂ ತಾವಾಗಿ ಕರಗುವಂತೆ ಹಂತಹಂತವಾಗಿ ಮುಂದುವರಿಯಲಾಯಿತು.

ಪರಂಪರೆಯು ಮೊದಲ ಛೇದನದ ದಿನವನ್ನು 1836ರ ಜನವರಿ 10 ಎಂದು ಗುರುತಿಸಿದರೆ, ಕೆಲವು ಇತಿಹಾಸಕಾರರು ಅದೇ ವರ್ಷದ ಅಕ್ಟೋಬರ್ 28 ಎನ್ನುತ್ತಾರೆ. ಮಧುಸೂದನರ ವರ್ಣಚಿತ್ರವನ್ನು ಕಾಲೇಜಿಗೆ ಒಪ್ಪಿಸಿದ ಸಂದರ್ಭದಲ್ಲಿ ಆಂಗ್ಲ ಅಧಿಕಾರಿ ಡ್ರಿಂಕ್‌ವಾಟರ್ ಬೆಥೂನ್ ಮಾಡಿದ ಭಾಷಣ ಆ ಗಳಿಗೆಯನ್ನು ವರ್ಣಿಸುತ್ತದೆ. ಬೆಥೂನ್ ಅದನ್ನು ಕಣ್ಣಾರೆ ಕಂಡವರಲ್ಲ, ಕಾಲೇಜಿನವರಿಂದ ಕೇಳಿದವರು. ಅವರ ಪ್ರಕಾರ ಶವವನ್ನು ಇರಿಸಿದ್ದು ಮುಖ್ಯ ಕಟ್ಟಡದಲ್ಲಲ್ಲ, ಹೊರಗಿನ ಒಂದು ಉಗ್ರಾಣದಲ್ಲಿ. ಗುಡೀವ್ ಅವರ ಹಿಂದೆ ಮಧುಸೂದನರು ಕತ್ತಿ ಹಿಡಿದು ಒಳಹೊಕ್ಕಾಗ, ಉಳಿದ ವಿದ್ಯಾರ್ಥಿಗಳು ಒಳಗೆ ಬರಲೂ ಆಗದೆ ದೂರ ಉಳಿಯಲೂ ಆಗದೆ ಬಾಗಿಲ ಬಳಿ ಗುಂಪುಗೂಡಿ, ಕಿಟಕಿಯ ಪಟ್ಟಿಗಳ ಸಂದಿನಿಂದ ಇಣುಕುತ್ತಿದ್ದರು. ಎದೆಯ ಮೇಲೆ ಉದ್ದನೆಯ ಮೊದಲ ಗೀರು ಬಿದ್ದಾಗಲೇ ಅವರು ಬಿಗಿಹಿಡಿದಿದ್ದ ಉಸಿರನ್ನು ಬಿಟ್ಟರು. ಉಮಾಚರಣ ಸೇಠ್, ರಾಜಕೃಷ್ಣ ದೇ, ದ್ವಾರಕಾನಾಥ ಗುಪ್ತ, ನವೀನಚಂದ್ರ ಮಿತ್ರ ಎಂಬ ನಾಲ್ವರು ವಿದ್ಯಾರ್ಥಿಗಳ ಹೆಸರು ಮಧುಸೂದನರ ಜೊತೆಗೆ ಉಳಿದುಬಂದಿದೆ. ಅಂದು ಫೋರ್ಟ್ ವಿಲಿಯಂ ಕೋಟೆಯಿಂದ ತೋಪು ಹಾರಿಸಿ ಗೌರವ ಸಲ್ಲಿಸಲಾಯಿತೆಂಬ ಕಥೆ ಜನಪ್ರಿಯವಾದರೂ, ಅದನ್ನು ದಂತಕಥೆಯೆಂದೇ ಪರಿಗಣಿಸುವುದು ಸೂಕ್ತ. ಅದಕ್ಕಿಂತ ಹೆಚ್ಚು ಗೌರವಕ್ಕೆ ಅರ್ಹವಾದ ಸಂಗತಿಯೆಂದರೆ, ನಾಲ್ವತ್ತರ ಆಸುಪಾಸಿನಲ್ಲಿದ್ದ ಮಧುಸೂದನರು ತಾವು ಕಲಿಸುತ್ತಿದ್ದ ಕಾಲೇಜಿನಲ್ಲೇ 1840ರಲ್ಲಿ ಪರೀಕ್ಷೆಗೆ ಕುಳಿತು ತೇರ್ಗಡೆಯಾದದ್ದು.

ಒಮ್ಮೆ ಬಾಗಿಲು ದಾಟಿದ ಮೇಲೆ ಸಂಕೋಚ ಬೇಗ ಕರಗಿತು. 1837ರಲ್ಲಿ ಸುಮಾರು 60 ಶವಗಳ ಛೇದನ ನಡೆದರೆ, ಮರುವರ್ಷ ಆ ಸಂಖ್ಯೆ ಇಮ್ಮಡಿಯಾಯಿತು, 1844ರ ವೇಳೆಗೆ 500ನ್ನು ಮೀರಿತು. ಶವವನ್ನು ಕೆಡದಂತೆ ಕಾಪಾಡುವ ಫಾರ್ಮಲಿನ್ ದ್ರಾವಣದ ಬಳಕೆ 1890ರ ದಶಕದಲ್ಲಿ ಬಂದದ್ದರಿಂದ, ಅದಕ್ಕೆ ಮುಂಚಿನ ತಲೆಮಾರುಗಳ ವಿದ್ಯಾರ್ಥಿಗಳು ಬಂಗಾಳದ ಚಳಿಗಾಲದ ಕೆಲವೇ ತಿಂಗಳುಗಳಲ್ಲಿ, ಕೊಳೆಯುವ ದೇಹದೊಡನೆ ಪೈಪೋಟಿ ನಡೆಸುತ್ತ ಕಲಿಯಬೇಕಾಗಿತ್ತು. ಕೈಗವಸು ಇಲ್ಲದ ಆ ಕಾಲದಲ್ಲಿ ಕತ್ತಿಯಿಂದಾದ ಸಣ್ಣ ಗಾಯವೂ ನಂಜೇರಿ ಪ್ರಾಣ ತೆಗೆಯಬಹುದಾಗಿತ್ತು. ಮಧುಮೇಹಿಯಾಗಿದ್ದ ಮಧುಸೂದನರು 1856ರ ನವೆಂಬರ್‌ನಲ್ಲಿ ತೀರಿಕೊಂಡದ್ದೂ ನಂಜಿನಿಂದಲೇ.

ಇಷ್ಟೆಲ್ಲ ಅಪಾಯವನ್ನು ಮೈಮೇಲೆ ಎಳೆದುಕೊಂಡು ವಿದ್ಯಾರ್ಥಿ ಪಡೆದದ್ದಾದರೂ ಏನು ಎಂಬುದನ್ನು ಕನ್ನಡದ ಒಂದೇ ಪದದ ಮೂಲಕ ತೋರಿಸಬಹುದು. ಆಡುಮಾತಿನಲ್ಲಿ ‘ನರ’ ಎಂಬುದು ಕೈಮೇಲೆ ಹಸಿರಾಗಿ ಉಬ್ಬಿ ಕಾಣುವ ರಕ್ತನಾಳಕ್ಕೂ, ಸೆಳೆತ ಬಂದಾಗ ಬಿಗಿಯುವ ತಂತುವಿಗೂ, ನೋವಿನ ಅರಿವನ್ನು ಒಯ್ಯುವ ಎಳೆಗೂ ಸಲ್ಲುತ್ತದೆ. ಮಣಿಕಟ್ಟಿನ ಚರ್ಮವನ್ನು ಸರಿಸಿ ನೋಡಿದ ವಿದ್ಯಾರ್ಥಿಗೆ ಇವು ಬೇರೆಬೇರೆಯೆಂದು ಕಾಣುತ್ತದೆ: ದಪ್ಪ ಗೋಡೆಯ ಅಪಧಮನಿ ರಕ್ತವಿಲ್ಲದಿದ್ದರೂ ಕೊಳವೆಯಾಗಿಯೇ ನಿಲ್ಲುತ್ತದೆ, ತೆಳು ಗೋಡೆಯ ಅಭಿಧಮನಿ ಮುದುಡಿ ಮಲಗುತ್ತದೆ, ಮಾಂಸಖಂಡವನ್ನು ಎಲುಬಿಗೆ ಕಟ್ಟುವ ಸ್ನಾಯುರಜ್ಜು ಹೊಳೆಯುವ ಬಿಳಿಯ ಪಟ್ಟಿಯಾಗಿ ಎಳೆದರೆ ಬೆರಳನ್ನು ಮಡಿಸುತ್ತದೆ, ನಿಜವಾದ ನರ ಮಾತ್ರ ಟೊಳ್ಳಿಲ್ಲದ ಮಂಕು ಬಿಳುಪಿನ ಹುರಿಯಾಗಿ ಬೆರಳಿಗೆ ಸಿಗುತ್ತದೆ. ಅಂಗೈಯ ಸ್ಪರ್ಶಜ್ಞಾನವನ್ನು ಒಯ್ಯುವ ನಡುನರ ಮಣಿಕಟ್ಟಿನಲ್ಲಿ ರಜ್ಜುಗಳ ನಡುವೆಯೇ ಹಾದುಹೋಗುವುದರಿಂದ, ಗಾಯವನ್ನು ಹೊಲಿಯುವ ವೈದ್ಯ ಒಂದನ್ನು ಇನ್ನೊಂದೆಂದು ತಿಳಿದರೆ ರೋಗಿಯ ಕೈ ಜೀವನಪೂರ್ತಿ ಜೋಮು ಹಿಡಿದೇ ಇರುತ್ತದೆ. ಈ ವ್ಯತ್ಯಾಸವನ್ನು ಚಿತ್ರ ಹೇಳಬಲ್ಲದು. ಬೆರಳಿಗೆ ಕಲಿಸುವುದು ದೇಹ ಮಾತ್ರ.

ಆ ದೇಹಗಳು ಬಂದದ್ದು ಎಲ್ಲೆಡೆ ದಿಕ್ಕಿಲ್ಲದವರಿಂದ. ಬ್ರಿಟನ್ನಿನಲ್ಲಿ 1752ರ ಕಾಯಿದೆ ಕೊಲೆಗಾರರ ಶವಗಳನ್ನು ಶಿಕ್ಷೆಯ ಮುಂದುವರಿಕೆಯಾಗಿ ಛೇದನಕ್ಕೆ ಒಪ್ಪಿಸಿತ್ತು. ಅವು ಸಾಲದೆ ಗೋರಿಗಳನ್ನು ಅಗೆದು ಶವ ಕದಿಯುವ ದಂಧೆ ಬೆಳೆಯಿತು. 1828ರಲ್ಲಿ ಎಡಿನ್‌ಬರೊದಲ್ಲಿ ಬರ್ಕ್ ಮತ್ತು ಹೇರ್ ಎಂಬಿಬ್ಬರು ಮಾರಾಟಕ್ಕಾಗಿಯೇ 16 ಜನರನ್ನು ಕೊಂದದ್ದು ಬಯಲಾದ ಬಳಿಕ, 1832ರ ಅನಾಟಮಿ ಕಾಯಿದೆಯು ವಾರಸುದಾರರಿಲ್ಲದ ಬಡವರ ಶವಗಳನ್ನು ಶಾಲೆಗಳಿಗೆ ಕೊಡಿಸಿತು. ಕಲ್ಕತ್ತೆಯಲ್ಲಿಯೂ ಆಸ್ಪತ್ರೆಯಲ್ಲಿ ಅನಾಥರಾಗಿ ಸತ್ತವರೇ ಮೇಜಿಗೆ ಬಂದರು. ಅವರನ್ನು ಹೊತ್ತು ತಂದು, ತೊಳೆದು, ಛೇದನಕ್ಕೆ ಅಣಿಗೊಳಿಸಿದವರು ತಲೆತಲಾಂತರದಿಂದ ಶವಸಂಸ್ಕಾರದ ಕೆಲಸವನ್ನು ಹೊರಿಸಲ್ಪಟ್ಟಿದ್ದ ಡೋಮ್ ಜಾತಿಯವರು. ಒಮ್ಮೆ ಶವ ಮುಟ್ಟಿದ ಮೇಲ್ಜಾತಿಯ ಪಂಡಿತನ ಚಿತ್ರ ಕಾಲೇಜಿನ ಗೋಡೆಯೇರಿದರೆ, ದಿನವೂ ಮುಟ್ಟಿದವರಿಗೆ ಸಿಕ್ಕಿದ್ದು ಅಸ್ಪೃಶ್ಯತೆಯೇ ಎಂಬುದನ್ನು ಈ ಚರಿತ್ರೆ ಮರೆಯಬಾರದು.

ಕನ್ನಡನಾಡು ಆಗ ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದುದರಿಂದ, ಇಲ್ಲಿನ ವಿದ್ಯಾರ್ಥಿಗಳು ಈ ವಿದ್ಯೆಯನ್ನು ಅರಸಿ 1835ರಲ್ಲಿ ಶಾಲೆ ತೆರೆದ ಮದ್ರಾಸಿಗೋ, 1845ರಲ್ಲಿ ಗ್ರಾಂಟ್ ಮೆಡಿಕಲ್ ಕಾಲೇಜು ಆರಂಭವಾದ ಮುಂಬಯಿಗೋ ಹೋಗಬೇಕಾಗಿತ್ತು. ಮೈಸೂರು ಸಂಸ್ಥಾನದ ಮೆಡಿಕಲ್ ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಸ್ಥಳಾಂತರಗೊಂಡಿತು. ರಾಜ್ಯ ಏಕೀಕರಣದ ಮರುವರ್ಷವೇ, 1957ರಲ್ಲಿ, ವಾರಸುದಾರರಿಲ್ಲದ ಶವಗಳನ್ನು ಬೋಧನೆಗೆ ಒದಗಿಸುವ ಅನಾಟಮಿ ಕಾಯಿದೆಯೂ ಬಂದಿತು.

ಇತ್ತೀಚಿನ ದಶಕಗಳಲ್ಲಿ ದೇಹದಾನ, ಅಂದರೆ ಬದುಕಿದ್ದಾಗಲೇ ತಮ್ಮ ದೇಹವನ್ನು ಕಾಲೇಜಿಗೆ ಬರೆದುಕೊಡುವ ಪದ್ಧತಿ, ಈ ಕಥೆಗೆ ಎರಡನೆಯ ತಿರುವನ್ನು ತಂದಿದೆ. ಅನೇಕ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಈಗ ಕತ್ತಿ ಹಿಡಿಯುವ ಮುನ್ನ ಆ ದೇಹವನ್ನು ತಮ್ಮ ಮೊದಲ ಗುರುವೆಂದು ಸ್ಮರಿಸಿ ಪ್ರತಿಜ್ಞೆ ಸ್ವೀಕರಿಸುತ್ತಾರೆ. ಬೆಳಗಾವಿಯಲ್ಲಿ 2010ರಲ್ಲಿ, ಆಯುರ್ವೇದ ವೈದ್ಯರಾಗಿದ್ದ ತಂದೆಯ ಇಚ್ಛೆಯಂತೆ ಅಂಗರಚನೆಯ ಅಧ್ಯಾಪಕರೊಬ್ಬರು ಆ ತಂದೆಯ ದೇಹವನ್ನೇ ವಿದ್ಯಾರ್ಥಿಗಳೆದುರು ಛೇದಿಸಿ ಪಾಠ ಮಾಡಿದರು. 1836ರ ಉಗ್ರಾಣದಲ್ಲಿ ಮಲಗಿದ್ದವರ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ, ಅವರ ಹೆಸರನ್ನು ಯಾರೂ ಬರೆದಿಡಲಿಲ್ಲ. ಬೆಳಗಾವಿಯ ತಂದೆಯದು ತಾವಾಗಿಯೇ ಕೊಟ್ಟ ದೇಹ. ಈ ಎರಡು ದೇಹಗಳ ನಡುವಿನ ದೂರವನ್ನು ಕ್ರಮಿಸಲು ಭಾರತದ ವೈದ್ಯಶಿಕ್ಷಣಕ್ಕೆ 174 ವರ್ಷ ಬೇಕಾಯಿತು. ಹೆಸರಿಲ್ಲದವರ ಆ ಸಾಲವನ್ನು ಇನ್ನು ಅವರಿಗೇ ತೀರಿಸಲಾಗದು. ತಿಳಿದೂ ಒಪ್ಪಿಯೂ ಕೊಟ್ಟ ದೇಹಗಳಿಂದಲೇ ಈ ವಿದ್ಯೆ ಮುಂದುವರಿಯುವಂತೆ ಮಾಡುವುದೇ ಸಮಾಜ ಅವರಿಗೆ ಸಲ್ಲಿಸಬಹುದಾದ ಋಣಸಂದಾಯ.