ಲೆಕ್ಕದ ಮಾತ್ರೆ, ಶಾಲೆಯ ಗಂಟೆ

ಕಳೆದ ವರ್ಷ ಜುಲೈನಲ್ಲಿ ಒಂದು ರಾತ್ರಿ ಹತ್ತೂವರೆಯ ಮೇಲೆ ಶಿವಮೊಗ್ಗದಿಂದ ಚಿಕ್ಕಮ್ಮನ ಫೋನು ಬಂತು. ಅಷ್ಟು ಹೊತ್ತಿಗೆ ಅವರು ಫೋನು ಮಾಡುವವರಲ್ಲ. ಗಾಬರಿಯಿಂದ ಎತ್ತಿದರೆ, "ಔಷಧಿಗಳ ಹಿಸ್ಟರಿ ಅಲ್ವೇನೇ ನೀನು ಪಿಎಚ್‌ಡಿ ಮಾಡ್ತಿರೋದು? ಒಂದು ವಿಷಯ ಕೇಳ್ಬೇಕಿತ್ತು" ಎಂದರು. ಅವರ ಮಗ ಆಗಷ್ಟೇ ಪ್ರಥಮ ಪಿಯುಸಿಗೆ ಸೇರಿದ್ದ. ಐದನೇ ಕ್ಲಾಸಿನಲ್ಲಿದ್ದಾಗಲೇ ಎಡಿಎಚ್‌ಡಿ ಎಂದು ಗೊತ್ತಾಗಿ, ಅಲ್ಲಿಂದ ಬೆಳಿಗ್ಗೆ ಏಳೂವರೆಗೆ ತಿಂಡಿಯ ಜೊತೆ ಒಂದು ಮೀಥೈಲ್‌ಫೆನಿಡೇಟ್ ಮಾತ್ರೆ. ಸ್ಕೂಲು ಇರುವವರೆಗೆ ಅದು ಸಾಕಾಗಿತ್ತು. ಈಗ ಸಂಜೆ ಐದೂವರೆಯಿಂದ ಎಂಟರವರೆಗೆ ಸಿಇಟಿ ಕೋಚಿಂಗ್. ಮಾತ್ರೆ ನಾಲ್ಕಕ್ಕೆಲ್ಲ ಇಳಿದುಹೋಗಿರುತ್ತದೆ. ಡಾಕ್ಟರು ಬೇಕಿದ್ದರೆ ನೋಡಿ ಎಂದು ಮಧ್ಯಾಹ್ನಕ್ಕೆ ಇನ್ನೊಂದು ಚಿಕ್ಕದನ್ನು ಬರೆದುಕೊಟ್ಟಿದ್ದರು. ಅದನ್ನು ತೆಗೆದುಕೊಂಡ ದಿನ ಹುಡುಗ ಕೋಚಿಂಗ್‌ನಲ್ಲಿ ಕೂರುತ್ತಾನೆ, ಆದರೆ ರಾತ್ರಿ ಒಂದಾದರೂ ನಿದ್ದೆ ಇಲ್ಲ. ಬೆಳಿಗ್ಗೆ ಎಬ್ಬಿಸಿದರೆ ಏಳುವುದಿಲ್ಲ. ಎದ್ದದ್ದು ತಡವಾದರೆ ಮಾತ್ರೆ ತಡ, ಮಾತ್ರೆ ತಡವಾದರೆ ಆ ರಾತ್ರಿಯ ನಿದ್ದೆಯೂ ತಡ. "ಡಬ್ಬಿ ಹಾಗೇ ವಾಪಸ್ ಬರುತ್ತೆ ಕಣೇ, ರಾತ್ರಿ ಹನ್ನೊಂದಕ್ಕೆ ಫ್ರಿಜ್ ತೆಗೀತಾನೆ. ಇದನ್ನ ಯಾವ ಹೊತ್ತಿಗೆ ಕೊಡ್ಬೇಕು ಅಂತ ಒಂದು ಲೆಕ್ಕ ಇರಲ್ವೇನೇ?"

ಡಾಕ್ಟರನ್ನೇ ಕೇಳಿ ಚಿಕ್ಕಮ್ಮ, ನಾನು ಇತಿಹಾಸದವಳು ಎಂದು ಹೇಳಿ ಫೋನಿಟ್ಟೆ. ಆದರೆ 'ಲೆಕ್ಕ' ಎಂಬ ಪದ ಮಾತ್ರ ತಲೆಯಲ್ಲಿ ಉಳಿಯಿತು. ಏಕೆಂದರೆ ಈ ಜಾತಿಯ ಔಷಧಗಳಿಗೆ ಮಕ್ಕಳೇ ಇಟ್ಟ ಮೊದಲ ಹೆಸರು 'ಲೆಕ್ಕದ ಮಾತ್ರೆ' ಎಂದು.

ಅಮೆರಿಕದ ರೋಡ್ ಐಲೆಂಡ್ ರಾಜ್ಯದ ಈಸ್ಟ್ ಪ್ರಾವಿಡೆನ್ಸ್‌ನಲ್ಲಿ ಎಮ್ಮಾ ಪೆಂಡಲ್‌ಟನ್ ಬ್ರಾಡ್ಲಿ ಹೋಮ್ ಎಂಬ ಆಸ್ಪತ್ರೆ 1931ರಲ್ಲಿ ಬಾಗಿಲು ತೆರೆಯಿತು. ಎಮ್ಮಾ ಎಂಬುವಳು ಜಾರ್ಜ್ ಬ್ರಾಡ್ಲಿ ಎಂಬ ಸಿರಿವಂತನ ಮಗಳು. ಏಳನೆಯ ವಯಸ್ಸಿನಲ್ಲಿ ಮೆದುಳಿನ ಉರಿಯೂತವಾಗಿ ಜೀವನಪೂರ್ತಿ ಅದರ ಪರಿಣಾಮ ಅನುಭವಿಸಿದವಳು. ಅಂಥ ಮಕ್ಕಳಿಗೆಂದೇ ಒಂದು ಜಾಗ ಇರಲಿ ಎಂದು ತಂದೆತಾಯಿ ಬಿಟ್ಟುಹೋದ ಆಸ್ತಿಯಿಂದ ಎದ್ದ ಕಟ್ಟಡ ಅದು. ಅದೇ ಕುಟುಂಬದ ಚಾರ್ಲ್ಸ್ ಬ್ರಾಡ್ಲಿ ಎಂಬ ವೈದ್ಯ ಅಲ್ಲಿದ್ದ. ಆಗ ಮೆದುಳನ್ನು ಎಕ್ಸ್‌ರೇಯಲ್ಲಿ ನೋಡಬೇಕೆಂದರೆ ಬೆನ್ನುಹುರಿಯ ಸುತ್ತಲಿನ ದ್ರವವನ್ನು ಸೂಜಿಯಿಂದ ತೆಗೆದು ಆ ಜಾಗಕ್ಕೆ ಗಾಳಿ ತುಂಬುತ್ತಿದ್ದರು. ಮಕ್ಕಳಿಗೆ ಅದಾದ ಮೇಲೆ ಸಹಿಸಲಾಗದ ತಲೆನೋವು. ಕಳೆದುಹೋದ ದ್ರವ ಬೇಗ ಮತ್ತೆ ತುಂಬಿಕೊಂಡರೆ ನೋವು ಹೋದೀತು, ಅದಕ್ಕೆ ಉತ್ತೇಜಕವೊಂದು ನೆರವಾದೀತು ಎಂದು ಬ್ರಾಡ್ಲಿ ಬೆನ್ಜೆಡ್ರಿನ್ ಕೊಟ್ಟು ನೋಡಿದ. ಅದು ಆಂಫೆಟಮಿನ್. ತಲೆನೋವಿಗೆ ಹೇಳಿಕೊಳ್ಳುವಂಥ ಪ್ರಯೋಜನವೇನೂ ಆಗಲಿಲ್ಲ. ಆದರೆ ಕೆಲವು ಮಕ್ಕಳು ಪಾಠಕ್ಕೆ ಕೂರುವ ರೀತಿಯೇ ಬೇರೆಯಾಗಿದೆ ಎನ್ನುವುದು ಮೇಷ್ಟರುಗಳ ಕಣ್ಣಿಗೆ ಬಿತ್ತು.

1937ರಲ್ಲಿ ಬ್ರಾಡ್ಲಿ ಪ್ರಕಟಿಸಿದ ಲೇಖನದಲ್ಲಿ 30 ಮಕ್ಕಳಿದ್ದಾರೆ, 5ರಿಂದ 14 ವರ್ಷದವರು. ಅವರಲ್ಲಿ 14 ಮಕ್ಕಳ ಓದಿನಲ್ಲಿ ಎದ್ದುಕಾಣುವ ಸುಧಾರಣೆ. ಲೆಕ್ಕ ಮಾಡುವುದು ಸುಲಭವಾಯಿತೆಂದು ಮಕ್ಕಳು ಅದನ್ನು ಲೆಕ್ಕದ ಮಾತ್ರೆ ಎಂದು ಕರೆದರು. ಇವತ್ತು ಈ ಕಥೆಯನ್ನು ಹೇಳುವವರೆಲ್ಲ ಇಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಮುಖ್ಯ ಅನ್ನಿಸುವುದು ಅದೇ ಲೇಖನದ ಇನ್ನೊಂದು ಗಮನಿಕೆ: ಬದಲಾವಣೆ ಔಷಧ ಕೊಟ್ಟ ಮೊದಲ ದಿನವೇ ಕಾಣಿಸಿಕೊಂಡಿತು, ನಿಲ್ಲಿಸಿದ ಮೊದಲ ದಿನವೇ ಮಾಯವಾಯಿತು. ಜ್ವರದ ಔಷಧದ ಹಾಗೆ ಇದು ಕಾಯಿಲೆಯನ್ನು ಕಳೆಯುವುದಿಲ್ಲ. ಕೆಲವು ಗಂಟೆಗಳನ್ನು ಕೊಡುತ್ತದೆ, ವಾಪಸ್ ತೆಗೆದುಕೊಳ್ಳುತ್ತದೆ. ಯಾವ ಗಂಟೆಗಳು ಎಂಬ ಪ್ರಶ್ನೆ ಹುಟ್ಟಿದ್ದೇ ಅಲ್ಲಿ. ಬ್ರಾಡ್ಲಿ ಹೋಮ್‌ನಲ್ಲಿ ಮಾತ್ರ ಅದು ಪ್ರಶ್ನೆಯಾಗಲಿಲ್ಲ. ಅಲ್ಲಿ ಪಾಠದ ಕೋಣೆಯೂ ಮಲಗುವ ಕೋಣೆಯೂ ಒಂದೇ ಆವರಣದಲ್ಲಿದ್ದವು. ಮಗು ತರಗತಿಯಲ್ಲಿ ಹೇಗಿತ್ತು, ಊಟಕ್ಕೆ ಹೇಗೆ ಕೂತಿತು, ರಾತ್ರಿ ಎಷ್ಟೊತ್ತಿಗೆ ಮಲಗಿತು ಎಂಬುದನ್ನೆಲ್ಲ ನೋಡುವ ಕಣ್ಣುಗಳು ಒಂದೇ ಸೂರಿನಡಿ ಇದ್ದವು.

ಮೀಥೈಲ್‌ಫೆನಿಡೇಟ್‌ನ ಹುಟ್ಟಿಗೂ ಮಕ್ಕಳಿಗೂ ಸಂಬಂಧವೇ ಇರಲಿಲ್ಲ. ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿ ಸೀಬಾ ಕಂಪನಿಯ ರಸಾಯನಶಾಸ್ತ್ರಜ್ಞ ಲಿಯಾಂಡ್ರೊ ಪಾನಿಜಾನ್ 1944ರಲ್ಲಿ ಅದನ್ನು ತಯಾರಿಸಿದ. ಅವನ ಹೆಂಡತಿ ಮಾರ್ಗರೀಟ್‌ಗೆ ರಕ್ತದೊತ್ತಡ ಕಡಿಮೆ. ಟೆನಿಸ್ ಆಡುವ ಮುಂಚೆ ಅದನ್ನು ತೆಗೆದುಕೊಂಡರೆ ಆಟ ಚೆನ್ನಾಗುತ್ತಿತ್ತಂತೆ. ಅವಳ ಮುದ್ದಿನ ಹೆಸರು ರೀಟಾ, ಔಷಧ ರಿಟಾಲಿನ್ ಆಯಿತು. 1950ರ ದಶಕದ ನಡುವೆ ಅಂಗಡಿಗೆ ಬಂದಾಗ ಅದು ಆಯಾಸಕ್ಕೆ, ಮಂಕುತನಕ್ಕೆ, ಕೂತಲ್ಲೇ ನಿದ್ದೆ ಹೋಗುವ ನಾರ್ಕೊಲೆಪ್ಸಿಗೆ ದೊಡ್ಡವರ ಮದ್ದು. ಕೀತ್ ಕಾನರ್ಸ್ ಮತ್ತು ಲಿಯಾನ್ ಐಸೆನ್‌ಬರ್ಗ್ 1963ರಲ್ಲಿ ಮಕ್ಕಳ ಮೇಲಿನ ತಮ್ಮ ಅಧ್ಯಯನ ಪ್ರಕಟಿಸಿದ ಮೇಲೆ ಅದು ಶಾಲೆಯ ಕಡೆ ಹೊರಳಿತು.

ರಿಟಾಲಿನ್‌ನ ಗುಣ ಏನೆಂದರೆ ಅರ್ಧ ಗಂಟೆಯಲ್ಲಿ ಹತ್ತುತ್ತದೆ, ಮೂರು ನಾಲ್ಕು ಗಂಟೆಯಲ್ಲಿ ಇಳಿಯುತ್ತದೆ. ತಿಂಡಿಯ ಹೊತ್ತಿನ ಮಾತ್ರೆ ಊಟದ ಬೆಲ್ಲು ಹೊಡೆಯುವ ಮೊದಲೇ ಮುಗಿದಿರುತ್ತದೆ. ಹಾಗಾಗಿ ಎರಡನೆಯದನ್ನು ಶಾಲೆಯಲ್ಲೇ ಕೊಡಬೇಕು. 1970ರಲ್ಲಿ ನೆಬ್ರಾಸ್ಕಾದ ಒಮಾಹಾ ಪಟ್ಟಣದ ಶಾಲೆಮಕ್ಕಳಲ್ಲಿ ನೂರಕ್ಕೆ 5ರಿಂದ 10 ಮಂದಿ ಇಂಥ ಮಾತ್ರೆ ನುಂಗುತ್ತಿದ್ದಾರೆ ಎಂದು ವಾಷಿಂಗ್ಟನ್ ಪೋಸ್ಟ್ ಬರೆದು ಗುಲ್ಲೆಬ್ಬಿಸಿತು. ಆ ಅಂಕಿ ಉತ್ಪ್ರೇಕ್ಷೆ ಎಂದು ಆಮೇಲೆ ತಿಳಿಯಿತಾದರೂ ಅಮೆರಿಕದ ಸಂಸತ್ತಿನಲ್ಲಿ ವಿಚಾರಣೆ ನಡೆಯಿತು. ಮರುವರ್ಷ ಔಷಧವನ್ನು ಕಟ್ಟುನಿಟ್ಟಿನ ಪಟ್ಟಿಗೆ ಸೇರಿಸಿದರು. ಅಲ್ಲಿಗೆ ಮಗುವಿನ ಜೇಬಿನಲ್ಲಿ ಮಾತ್ರೆ ಇರುವಂತಿಲ್ಲ. ನರ್ಸ್ ಕೋಣೆ, ಬೀಗ ಹಾಕಿದ ಬೀರು, ಮಧ್ಯಾಹ್ನದ ಸಾಲು. ಆರು ವರ್ಷದ ಮಗುವಿಗೆ ಆ ಸಾಲಿನಲ್ಲಿ ನಿಲ್ಲುವುದು ದೊಡ್ಡ ವಿಷಯವಲ್ಲ. ಹದಿನಾಲ್ಕರ ಹುಡುಗನಿಗೆ ಅಲ್ಲಿ ನಿಲ್ಲುವುದೆಂದರೆ ಇಡೀ ಶಾಲೆಗೆ ಡಂಗುರ ಹೊಡೆದಂತೆ.

ನಿಜ ಹೇಳಬೇಕೆಂದರೆ ಹದಿನಾಲ್ಕರವರ ಬಗ್ಗೆ ಬಹಳ ವರ್ಷ ಯಾರೂ ಯೋಚಿಸಿರಲೇ ಇಲ್ಲ. ಪ್ರಾಯಕ್ಕೆ ಬಂದರೆ ಇದೆಲ್ಲ ತಾನೇ ಹೋಗುತ್ತದೆ ಎಂಬ ನಂಬಿಕೆ ಗಟ್ಟಿಯಾಗಿತ್ತು. 1968ರ ಅಮೆರಿಕನ್ ಮನೋರೋಗ ಕೈಪಿಡಿಯಲ್ಲಿ ಇದಕ್ಕಿದ್ದ ಹೆಸರಿನಲ್ಲೇ 'ಬಾಲ್ಯದ' ಎಂಬ ಮಾತಿತ್ತು. ಮಾಂಟ್ರಿಯಲ್‌ನ ಗೇಬ್ರಿಯೆಲ್ ವೈಸ್ ಮತ್ತು ಲಿಲಿ ಹೆಕ್ಟ್‌ಮನ್ ತಮ್ಮ ಬಳಿ ಬಂದ ಮಕ್ಕಳನ್ನು ದೊಡ್ಡವರಾಗುವವರೆಗೆ ವರ್ಷಗಟ್ಟಲೆ ಹಿಂಬಾಲಿಸಿ 1986ರಲ್ಲಿ ಪುಸ್ತಕ ತಂದ ಮೇಲೆಯೇ ಆ ನಂಬಿಕೆ ಸಡಿಲವಾದದ್ದು. ಔಷಧದ ಗಂಟೆಗಳನ್ನೆಲ್ಲ ಚಿಕ್ಕ ಮಕ್ಕಳ ದಿನಕ್ಕೆ ಅಳೆದು ಹೊಲಿದಿದ್ದರು. ಹದಿಹರೆಯದವರು ಆ ಅಂಗಿಯೊಳಗೆ ತಡವಾಗಿ ತೂರಿಕೊಂಡವರು. ರಿಟಾಲಿನ್ ಚೀಟಿಯಲ್ಲಿ, ನಿದ್ದೆ ಬಾರದವರು ಕೊನೆಯ ಮಾತ್ರೆಯನ್ನು ಸಂಜೆ ಆರಕ್ಕೆ ಮೊದಲು ತೆಗೆದುಕೊಳ್ಳಿ ಎಂಬ ಸೂಚನೆ ಇತ್ತು. ಅದು ಕೂಡ ದೊಡ್ಡವರಿಗೆ ಹೇಳಿದ ಮಾತು.

ಇದರ ನಡುವೆ 1972ರಲ್ಲಿ ಡೇನಿಯಲ್ ಸೇಫರ್ ಮತ್ತು ಸಂಗಡಿಗರು, ಈ ಔಷಧಗಳಿಂದ ಮಕ್ಕಳ ಬೆಳವಣಿಗೆ ಕುಂಠಿತವಾಗುತ್ತಿದೆ ಎಂದು ತೋರಿಸಿದರು. ಹಸಿವೇ ಆಗದ ಮಕ್ಕಳು ಬೆಳೆಯುವುದಾದರೂ ಹೇಗೆ? ಅಲ್ಲಿಂದ ಶನಿವಾರ ಭಾನುವಾರ, ಬೇಸಿಗೆ ರಜೆಯಲ್ಲಿ ಔಷಧಕ್ಕೂ ರಜೆ ಕೊಡುವ ರೂಢಿ ಬಲವಾಯಿತು. ಬೆಳವಣಿಗೆಯ ವಾದ ಇನ್ನೂ ಮುಗಿದಿಲ್ಲ. 2017ರಲ್ಲಿ ಪ್ರಕಟವಾದ ದೀರ್ಘ ಅಧ್ಯಯನವೊಂದರಲ್ಲಿ, ಬಿಡದೆ ಔಷಧ ತೆಗೆದುಕೊಂಡವರ ಎತ್ತರ 2 ಸೆಂಟಿಮೀಟರಿಗಿಂತ ತುಸು ಹೆಚ್ಚೇ ಕಡಿಮೆಯಾಗಿತ್ತು. ಆದರೆ ಈ ರಜೆ ಇನ್ನೊಂದು ಸಂಗತಿಯನ್ನೂ ಬಯಲು ಮಾಡಿತು. ಮಾತ್ರೆ ಇರುವುದು ಮಗುವಿಗೋ ಶಾಲೆಗೋ? ಭಾನುವಾರ ಬೇಡವಾದದ್ದು ಸೋಮವಾರ ಬೇಕಾಗುವುದಾದರೆ ಅದನ್ನು ನುಂಗಿಸುತ್ತಿರುವುದು ಟೈಮ್‌ಟೇಬಲ್ಲೇ ಅಲ್ಲವೇ? ಇದು ಪೂರ್ತಿ ನ್ಯಾಯವಾದ ಪ್ರಶ್ನೆಯಲ್ಲ ಎಂದು ನನಗೆ ಗೊತ್ತು. ಸೈಕಲ್ ಹೊಡೆಯುವಾಗ, ಗೆಳೆಯರ ಜೊತೆ ಮಾತಿಗೆ ಮಾತು ಬೆಳೆದಾಗ ಭಾನುವಾರವೂ ಗಮನ ಬೇಕು. ಆದರೂ ಕೇಳಿಕೊಳ್ಳದೆ ಇರಲಾಗುವುದಿಲ್ಲ.

ಮಧ್ಯಾಹ್ನದ ಸಾಲನ್ನು ತಪ್ಪಿಸಬೇಕೆಂದು 1980ರ ದಶಕದಲ್ಲಿ ನಿಧಾನಕ್ಕೆ ಕರಗುವ ರಿಟಾಲಿನ್ ಬಂತು. ದಿನವಿಡೀ ಒಂದೇ ಹದದಲ್ಲಿ ಔಷಧ ಬಿಡುವ ಮಾತ್ರೆ. ಅಂದುಕೊಂಡಷ್ಟು ಕೆಲಸ ಮಾಡಲಿಲ್ಲ. ಏಕೆಂದು ಕಂಡುಹಿಡಿದದ್ದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕ್ಯಾಂಪಸ್ಸಿನ ಜೇಮ್ಸ್ ಸ್ವಾನ್ಸನ್ ಮತ್ತು ಸಂಗಡಿಗರು, 1990ರ ದಶಕದಲ್ಲಿ. ಅವರು ಒಂದು ಪ್ರಯೋಗದ ತರಗತಿಯನ್ನೇ ಕಟ್ಟಿದರು. ಮಕ್ಕಳು ಇಡೀ ದಿನ ಅಲ್ಲಿರುತ್ತಿದ್ದರು. ಒಂದು ಗುಂಪಿಗೆ ಒಂದು ಕ್ರಮ, ಇನ್ನೊಂದಕ್ಕೆ ಇನ್ನೊಂದು, ಕೆಲವರಿಗೆ ಅರ್ಧ ಗಂಟೆಗೊಮ್ಮೆ ಚೂರು ಚೂರೇ ಔಷಧ, ಗುಟುಕು ಗುಟುಕಾಗಿ ಕಾಫಿ ಕುಡಿದ ಹಾಗೆ. ನಡುನಡುವೆ ಹತ್ತು ನಿಮಿಷದ ಪರೀಕ್ಷೆ. ಪರೀಕ್ಷೆ ಏನೆಂದರೆ ಕೂಡುವ ಕಳೆಯುವ ಲೆಕ್ಕಗಳು! ಅರವತ್ತು ವರ್ಷ ಕಳೆದರೂ ಅಳತೆಗೋಲು ಅದೇ. ಗೊತ್ತಾದದ್ದು ಇಷ್ಟು: ರಕ್ತದಲ್ಲಿ ಔಷಧ ಒಂದೇ ಮಟ್ಟದಲ್ಲಿದ್ದರೆ ಬೆಳಗಿನಷ್ಟು ಪರಿಣಾಮ ಮಧ್ಯಾಹ್ನಕ್ಕೆ ಉಳಿಯುವುದಿಲ್ಲ. ಮೆದುಳು ಕೆಲವೇ ಗಂಟೆಗಳಲ್ಲಿ ಅದಕ್ಕೆ ಒಗ್ಗಿಬಿಡುತ್ತದೆ. ಪರಿಣಾಮ ಉಳಿಯಬೇಕಾದರೆ ದಿನ ಏರಿದಂತೆ ಔಷಧವೂ ಏರಬೇಕು.

ಇದನ್ನು ಮಾತ್ರೆಯೊಳಗೆ ಕೂರಿಸಿದ್ದು ಕ್ಯಾಲಿಫೋರ್ನಿಯಾದ ಆಲ್ಜಾ ಕಂಪನಿ. 2000ನೇ ಇಸವಿಯಲ್ಲಿ ಒಪ್ಪಿಗೆ ಪಡೆದ ಕನ್ಸರ್ಟಾ ನೋಡಲು ಸಾಧಾರಣ ಮಾತ್ರೆ. ಒಳಗೆ ಒಂದು ಸಣ್ಣ ಪಂಪು. ಮೇಲಿನ ಲೇಪದಲ್ಲಿ ನೂರಕ್ಕೆ 22 ಭಾಗ ಔಷಧ, ಅದು ತಕ್ಷಣ ಕರಗುತ್ತದೆ. ಆಮೇಲೆ ಗಟ್ಟಿ ಚಿಪ್ಪಿನ ಮೂಲಕ ನೀರು ಒಳಗಿಳಿದು, ತಳದ ಪದರ ಉಬ್ಬಿ, ಲೇಸರಿನಿಂದ ಕೊರೆದ ಒಂದೇ ತೂತಿನಿಂದ ಉಳಿದ ಔಷಧವನ್ನು ಏರುಕ್ರಮದಲ್ಲಿ ಹೊರಗೆ ತಳ್ಳುತ್ತದೆ. ಖಾಲಿ ಚಿಪ್ಪು ಹಾಗೇ ಮಲದಲ್ಲಿ ಹೋಗುತ್ತದೆ. ಅದನ್ನು ಕಂಡು ಮಾತ್ರೆ ಕರಗಲೇ ಇಲ್ಲವೆಂದು ಗಾಬರಿಯಾಗುವ ತಾಯಂದಿರಿದ್ದಾರೆ, ನಮ್ಮ ಚಿಕ್ಕಮ್ಮನಂತೆ. ಇದರ ಅವಧಿ 12 ಗಂಟೆ. ಸ್ಕೂಲ್ ಮುಗಿದ ಮೇಲೆ ಹೋಮ್‌ವರ್ಕೂ ಮುಗಿಯಲಿ ಎಂಬ ಅಳತೆ ಅದು. ನರ್ಸ್ ಕೋಣೆಯ ಸಾಲು ಕರಗಿತು, ನಿಜಕ್ಕೂ ದೊಡ್ಡ ಉಪಕಾರ. ಆದರೆ ಮಾತ್ರೆಯ ಜೊತೆ ಶಾಲೆಯೂ ಮನೆಯೊಳಗೆ ನಾಲ್ಕು ಗಂಟೆ ಮುಂದಕ್ಕೆ ಬಂದು ಕೂತಿತು. ಮೊದಲಿಗೆ ಒಪ್ಪಿಗೆ ಸಿಕ್ಕಿದ್ದು 6ರಿಂದ 12 ವರ್ಷದವರಿಗೆ. ಹದಿಹರೆಯದವರು ಇಲ್ಲಿಯೂ ಕೆಲವು ವರ್ಷ ಕಾದರು.

ಅವರ ಗಡಿಯಾರವೇ ಬೇರೆ ಎನ್ನುವುದು ಅಷ್ಟರಲ್ಲಿ ಇನ್ನೊಂದು ಕಡೆ ಸ್ಪಷ್ಟವಾಗುತ್ತಿತ್ತು. ಪ್ರಾಯ ಬಂದಾಗ ದೇಹದ ಒಳಗಡಿಯಾರ ತಾನಾಗಿ ಹಿಂದಕ್ಕೆ ಸರಿಯುತ್ತದೆ, ನಿದ್ದೆ ತಡವಾಗಿ ಬರುತ್ತದೆ, ಅದು ಮೊಬೈಲಿನದೋ ಸೋಮಾರಿತನದ್ದೋ ಮಾತ್ರ ಅಲ್ಲ ಎಂದು ತೋರಿಸಿದವರಲ್ಲಿ ಮುಖ್ಯರು ಮೇರಿ ಕಾರ್ಸ್ಕಡನ್. 1998ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ಒಂಬತ್ತರಿಂದ ಹತ್ತನೆಯ ತರಗತಿಗೆ ಹೋದ ಮಕ್ಕಳ ಶಾಲೆ 8.25ರ ಬದಲು 7.20ಕ್ಕೆ ಶುರುವಾಗತೊಡಗಿತು. ಮಕ್ಕಳು ಬೇಗ ಏಳಬೇಕಾಯಿತೇ ಹೊರತು ಬೇಗ ಮಲಗಲಾಗಲಿಲ್ಲ. ಪ್ರಯೋಗಾಲಯದಲ್ಲಿ ಬೆಳಗಿನ ಹೊತ್ತು ಮಲಗಿಸಿ ನೋಡಿದರೆ ಕೆಲವರು ನಾರ್ಕೊಲೆಪ್ಸಿ ರೋಗಿಗಳಂತೆ ಕಣ್ಣು ಮುಚ್ಚಿದೊಡನೆ ಕನಸಿನ ನಿದ್ದೆಗೆ ಜಾರಿದರು. ಅವರೆಲ್ಲ ಆರೋಗ್ಯವಂತ ಮಕ್ಕಳು. ಕಾರ್ಸ್ಕಡನ್ ಅವರ ನಿದ್ರಾ ಪ್ರಯೋಗಾಲಯ ಇದ್ದದ್ದು ಬೇರೆಲ್ಲೂ ಅಲ್ಲ, ರೋಡ್ ಐಲೆಂಡಿನ ಅದೇ ಬ್ರಾಡ್ಲಿ ಆಸ್ಪತ್ರೆಗೆ ಸೇರಿದ್ದು. ಲೆಕ್ಕದ ಮಾತ್ರೆ ಸಿಕ್ಕಿದ ಸಂಸ್ಥೆಯಲ್ಲೇ ಅರವತ್ತು ವರ್ಷದ ಮೇಲೆ, ಬೆಳಗಿನ ಗಂಟೆಯನ್ನೇ ಪ್ರಶ್ನಿಸುವ ಕೆಲಸ ನಡೆಯಿತು. ಇವೆರಡನ್ನೂ ಒಟ್ಟಿಗಿಟ್ಟು ನೋಡುವುದು ನನ್ನ ಅಧ್ಯಾಯವೊಂದರ ಆಸೆ. ಗೈಡ್ ಇನ್ನೂ ಒಪ್ಪಿಲ್ಲ.

ಶಾಲೆಗಳು ಬದಲಾದದ್ದು ನಿಧಾನಕ್ಕೆ. ಹದಿಹರೆಯದವರ ಶಾಲೆ 8.30ಕ್ಕೆ ಮೊದಲು ಶುರುವಾಗಬಾರದೆಂದು ಅಮೆರಿಕದ ಮಕ್ಕಳ ವೈದ್ಯರ ಸಂಘ 2014ರಲ್ಲಿ ಹೇಳಿತು, ಕ್ಯಾಲಿಫೋರ್ನಿಯಾ 2019ರಲ್ಲಿ ಆ ದಿಕ್ಕಿನಲ್ಲಿ ಕಾನೂನು ಮಾಡಿತು. ಮಾತ್ರೆ ಮಾತ್ರ ಗಂಟೆಗೆ ತಕ್ಕಂತೆ ಬೇಗ ಬದಲಾಯಿತು. 2018ರಲ್ಲಿ ಒಪ್ಪಿಗೆಯಾದ ಜಾರ್ನೆ ಎಂಬುದನ್ನು ರಾತ್ರಿ ನುಂಗಿ ಮಲಗಬೇಕು. ಹತ್ತು ಗಂಟೆ ಸುಮ್ಮನಿದ್ದು, ಬೆಳಿಗ್ಗೆ ಅಲಾರಂ ಹೊಡೆಯುವ ಹೊತ್ತಿಗೆ ಔಷಧ ಬಿಡಲು ಶುರುಮಾಡುತ್ತದೆ.

ನಮ್ಮಲ್ಲಿ ಈ ಔಷಧ ಮಾದಕವಸ್ತು ಕಾಯ್ದೆಯ ಪಟ್ಟಿಯಲ್ಲೂ ಶೆಡ್ಯೂಲ್ ಎಕ್ಸ್‌ನಲ್ಲೂ ಇದೆ. ಡಾಕ್ಟರು ಚೀಟಿಯನ್ನು ಎರಡು ಪ್ರತಿಯಲ್ಲಿ ಬರೆಯಬೇಕು, ಒಂದನ್ನು ಅಂಗಡಿಯವರು ಎರಡು ವರ್ಷ ಇಟ್ಟುಕೊಳ್ಳಬೇಕು. ಪ್ರತ್ಯೇಕ ಪರವಾನಗಿ ಇರುವ ಅಂಗಡಿಯಲ್ಲಿ ಮಾತ್ರ ಸಿಗುತ್ತದೆ. ಸ್ಟಾಕು ಬಂದಿಲ್ಲ ಎಂದು ಅಂಗಡಿಯವನು ಕೈಯಾಡಿಸಿದ ವಾರ ಬೆಳಿಗ್ಗೆಯೋ ಮಧ್ಯಾಹ್ನವೋ ಎಂಬ ಚಿಂತೆ ಚಿಕ್ಕಮ್ಮನಿಗಿರುವುದಿಲ್ಲ.

ಆಗಸ್ಟಿನಲ್ಲಿ ಶಿವಮೊಗ್ಗಕ್ಕೆ ಹೋದಾಗ ಹುಡುಗನನ್ನೇ ಕೇಳಿದೆ, ಮಧ್ಯಾಹ್ನದ ಮಾತ್ರೆ ಹೇಗನ್ನಿಸುತ್ತೋ ಎಂದು. ಮಹಡಿ ಮೆಟ್ಟಿಲ ಮೇಲೆ ಕೂತು ಸ್ವಲ್ಪ ಹೊತ್ತು ಸುಮ್ಮನಿದ್ದ. "ಕೆಲ್ಸ ಮಾಡುತ್ತೆ ಅಕ್ಕ. ಆದ್ರೆ ಅದು ಇಳಿದ್ಮೇಲೆ ಒಂದೆರಡು ಗಂಟೆ ಇರುತ್ತಲ್ಲ, ನಗೋದು ಜಾಸ್ತಿ, ಫ್ರೆಂಡ್ಸ್ ಜೊತೆ ಮಾತೂ ಜಾಸ್ತಿ. ಮಧ್ಯಾಹ್ನದ್ದು ತಗೊಂಡ್ರೆ ಅದು ಬರೋದೇ ಎಲ್ರೂ ಮಲಗಿದ್ಮೇಲೆ" ಎಂದ. ಇದನ್ನು ಡಾಕ್ಟರಿಗೆ ಹೇಳಿದ್ದೀಯಾ ಎಂದೆ. ಅವರು ಅಮ್ಮನ್ನ ಕೇಳ್ತಾರೆ ಎಂದ.

ಬ್ರಾಡ್ಲಿ ಹೋಮ್‌ನ ದಾದಿಯರ ನೆನಪಾಗಿ, ಒಂದು ತಿಂಗಳು ನೀನೇ ಬರೆದಿಡು ಎಂದು ಒಂದು ನೋಟ್‌ಬುಕ್ ಕೊಟ್ಟು ಬಂದೆ. ಮಾತ್ರೆ ಎಷ್ಟೊತ್ತಿಗೆ, ಊಟ ಎಷ್ಟು, ನಿದ್ದೆ ಯಾವಾಗ, ಖುಷಿ ಯಾವಾಗ. ಮೂರು ದಿನ ಬರೆದು ಒಂದು ವಾರ ಮರೆತು, ಹಾಗೂ ಹೀಗೂ ಹದಿನೆಂಟು ದಿನದ್ದಾಯಿತು. ಸೆಪ್ಟೆಂಬರಿನಲ್ಲಿ ಡಾಕ್ಟರು ಅದನ್ನು ಪೂರ್ತಿ ಓದಿದರಂತೆ, ಈ ಸಲ ಹುಡುಗನನ್ನೇ ಮಾತಾಡಿಸಿದರಂತೆ. ಆಮೇಲೆ ಚಿಕ್ಕಮ್ಮನ ಕಡೆ ತಿರುಗಿ, ಈ ಕೋಚಿಂಗನ್ನು ಬೆಳಗಿನ ಬ್ಯಾಚಿಗೋ ಭಾನುವಾರಕ್ಕೋ ಹಾಕಿಸಲು ಆಗುತ್ತದೆಯೇ ಎಂದು ಕೇಳಿದರಂತೆ.

"ಮಾತ್ರೆ ಟೈಮ್ ಕೇಳೋಕೆ ಹೋದ್ರೆ ಕೋಚಿಂಗ್ ಟೈಮ್ ಬದಲಾಯ್ಸಿ ಅಂತಾರಲ್ಲೇ" ಎಂದು ಆ ರಾತ್ರಿಯೂ ಹತ್ತೂವರೆಗೇ ಫೋನು ಬಂತು. ವರ್ಷದ ಫೀಸು ಜೂನ್‌ನಲ್ಲೇ ಕಟ್ಟಿಯಾಗಿದೆ. ಬ್ಯಾಚು ಬದಲಾಯಿಸುವುದಿಲ್ಲವೆಂದು ರಶೀದಿಯ ಹಿಂದೆಯೇ ಅಚ್ಚು ಹಾಕಿದ್ದಾರೆ.